ಸೇತುವೆ ದಾಟುವವರು, ದ್ವೀಪಕ್ಕೆ ಇಳಿಯುವವರು

ಸೇತುವೆಯೆಂದರೆ ಎರಡು ದಡಗಳನ್ನು ಕೂಡಿಸುವ ಸಾಧನವೆಂದು ನಾವೆಲ್ಲರೂ ತಿಳಿದಿದ್ದೇವೆ. ಎರಡು ದಡಗಳ ನಡುವೆ ಬರಿಯ ನೀರಿದ್ದರೆ ಈ ತಿಳಿವಳಿಕೆಯಲ್ಲಿ ದೋಷವಿಲ್ಲ. ಆದರೆ ನಡುವೆ ಮನೆ, ತೋಟ, ಶಾಲೆ, ಸ್ಮಶಾನಗಳಿರುವ ದ್ವೀಪಗಳಿದ್ದರೆ ಏನು ಹೇಳಬೇಕು? ಅಲ್ಲಿಯ ಜನರಿಗೆ ಆ ಸೇತುವೆ ತಮ್ಮದಾಗುತ್ತದೆಯೇ, ಅಥವಾ ಬೇರೆಯವರು ತಮ್ಮ ತಲೆಯ ಮೇಲಿಂದ ದಾಟಿಹೋಗುವ ದಾರಿ ಮಾತ್ರವಾಗುತ್ತದೆಯೇ? ಜಪಾನ್ ದೇಶದ ಸೆತೊ ಒಳಸಮುದ್ರದ ಆರು ದ್ವೀಪಗಳು ಕಳೆದ ಅರ್ಧ ಶತಮಾನದಲ್ಲಿ ಈ ಪ್ರಶ್ನೆಯನ್ನು ತಮ್ಮ ಬದುಕಿನಲ್ಲಿಯೇ ಎದುರಿಸಿವೆ. ಆ ದ್ವೀಪಗಳ ಮೇಲೆ ಹಾದುಹೋಗುವ ಸುಮಾರು 70 ಕಿಲೋಮೀಟರ್ ಉದ್ದದ ಸೈಕಲ್ ದಾರಿಯೊಂದಿದೆ. ಆ ದಾರಿಯಲ್ಲಿ ನಿಧಾನವಾಗಿ ಸಾಗಿದರೆ ಈ ಇತಿಹಾಸವೂ ಒಂದೊಂದಾಗಿ ಎದುರಾಗುತ್ತದೆ.

ಸೆತೊ ಒಳಸಮುದ್ರವು ಹೊನ್ಶು, ಶಿಕೊಕು, ಕ್ಯುಶು ಎಂಬ ಮೂರು ದೊಡ್ಡ ದ್ವೀಪಗಳ ನಡುವೆ ಮಲಗಿರುವ ಕಿರಿದಾದ ಕಡಲು. ಇದರಲ್ಲಿ ನೂರಾರು ಚಿಕ್ಕ ದ್ವೀಪಗಳಿವೆ. 1934ರಲ್ಲಿ ಇದರ ಒಂದು ಭಾಗವನ್ನು ಜಪಾನಿನ ಮೊದಲ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದಾಗಿ ಘೋಷಿಸಲಾಯಿತು. ಹೊನ್ಶುವಿನ ಒನೊಮಿಚಿ ಪಟ್ಟಣದಿಂದ ಶಿಕೊಕುವಿನ ಇಮಾಬಾರಿ ಪಟ್ಟಣದವರೆಗೆ ಮುಕೈಶಿಮಾ, ಇನ್ನೊಶಿಮಾ, ಇಕುಚಿಜಿಮಾ, ಓಮಿಶಿಮಾ, ಹಕಾತಾಜಿಮಾ, ಓಶಿಮಾ ಎಂಬ ಆರು ದ್ವೀಪಗಳು ಸಾಲಾಗಿ ನಿಂತಿವೆ. ಇವನ್ನು ಪೋಣಿಸುವ ಸೇತುವೆಗಳ ಸಾಲು 1999ರ ಮೇ 1ರಂದು ಪೂರ್ಣಗೊಂಡಿತು. ಈ ಹಾದಿಗೆ ಶಿಮಾನಾಮಿ ಕೈದೊ ಎಂದು ಹೆಸರು.

ದುಃಖದಿಂದ ಹುಟ್ಟಿದ ಬೇಡಿಕೆ

ಈ ಸೇತುವೆಗಳ ಕಥೆ ಎಂಜಿನಿಯರುಗಳ ಮೇಜಿನ ಮೇಲೆ ಆರಂಭವಾದದ್ದಲ್ಲ. 1955ರ ಮೇ 11ರ ಬೆಳಗ್ಗೆ ಶಿಕೊಕುವಿನ ತಕಮಾತ್ಸು ಬಂದರಿನಿಂದ ಹೊನ್ಶುವಿನ ಕಡೆಗೆ ಹೊರಟ ಶಿಉನ್ ಮಾರು ಎಂಬ ಪ್ರಯಾಣಿಕರ ಹಡಗು ದಟ್ಟ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತವರು 168 ಮಂದಿ. ಅವರಲ್ಲಿ 100 ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಮಕ್ಕಳಿಗೆ ಈಜು ಕಲಿಸಬೇಕೆಂಬ ಅರಿವು ದೇಶದಾದ್ಯಂತ ಮೂಡಿ, ಶಾಲೆಗಳಲ್ಲಿ ಈಜುಕೊಳಗಳನ್ನು ಕಟ್ಟುವುದಕ್ಕೆ ಈ ಸಾವುಗಳೇ ಪ್ರೇರಣೆಯಾದವು. ಹಾಗೆಯೇ ಹೊನ್ಶು ಮತ್ತು ಶಿಕೊಕುಗಳ ನಡುವೆ ಸೇತುವೆ ಬೇಕೆಂಬ ಹಳೆಯ ಮಾತು ಆಮೇಲೆ ಬರಿಯ ಆಸೆಯಾಗಿ ಉಳಿಯದೆ ಜನರ ಒತ್ತಾಯವಾಯಿತು.

1970ರಲ್ಲಿ ಸೇತುವೆಗಳ ನಿರ್ಮಾಣಕ್ಕಾಗಿಯೇ ಸರ್ಕಾರಿ ಸಂಸ್ಥೆಯೊಂದು ಹುಟ್ಟಿತು. ಒಂದಲ್ಲ, ಮೂರು ಮಾರ್ಗಗಳನ್ನು ಕಟ್ಟುವ ಯೋಜನೆ ಸಿದ್ಧವಾಯಿತು. 1973ರ ನವೆಂಬರಿನಲ್ಲಿ ಶಂಕುಸ್ಥಾಪನೆಗೆ ಕೆಲವೇ ದಿನಗಳಿರುವಾಗ ತೈಲ ಬಿಕ್ಕಟ್ಟು ಎರಗಿ ಕೆಲಸವನ್ನು ಮುಂದೂಡಬೇಕಾಯಿತು. ಕಡೆಗೆ ಪೂರ್ವದ ಮಾರ್ಗದಲ್ಲಿ 1998ರಲ್ಲಿ ಅಕಾಶಿ ಸೇತುವೆ, ನಡುವಣ ಮಾರ್ಗದಲ್ಲಿ 1988ರಲ್ಲಿ ರೈಲನ್ನೂ ಹೊರುವ ಸೆತೊ ಮಹಾಸೇತುವೆ, ಪಶ್ಚಿಮದ ಮಾರ್ಗದಲ್ಲಿ 1999ರಲ್ಲಿ ನಮ್ಮ ಈ ದ್ವೀಪಗಳ ಸಾಲು ಹೀಗೆ ಮೂರೂ ಪೂರ್ಣಗೊಂಡವು.

ಮೂರರಲ್ಲಿ ಪಶ್ಚಿಮದ ಮಾರ್ಗಕ್ಕೆ ಮಾತ್ರ ಒಂದು ವಿಶೇಷವಿದೆ. ಇಲ್ಲಿ ಸೇತುವೆಗಳ ಪಕ್ಕದಲ್ಲಿ ನಡೆಯುವವರಿಗೂ ಸೈಕಲ್ಲಿಗರಿಗೂ ಸಣ್ಣ ಮೊಪೆಡ್ಡುಗಳಿಗೂ ಪ್ರತ್ಯೇಕ ದಾರಿಗಳಿವೆ. ಪ್ರವಾಸಿಗರನ್ನು ಸೆಳೆಯುವ ಉದ್ದೇಶ ಇದರ ಹಿಂದೆ ಇರಲಿಲ್ಲ. ಪಕ್ಕದ ದ್ವೀಪದ ಶಾಲೆಗೆ ಹೋಗುವ ವಿದ್ಯಾರ್ಥಿ, ತೋಟಕ್ಕೆ ಹೋಗುವ ರೈತ, ಬಂಧುಗಳ ಮನೆಗೆ ಹೋಗುವ ಅಜ್ಜಿ ಇಂತಹವರ ದಿನನಿತ್ಯದ ಅನುಕೂಲಕ್ಕಾಗಿ ಈ ದಾರಿಗಳನ್ನು ಕಟ್ಟಲಾಯಿತು. ಆಗ ಬಹಳ ಜನ ಗಮನಿಸದಿದ್ದ ಈ ಕಿರುದಾರಿಯೇ ಮುಂದೆ ದ್ವೀಪಗಳ ಆಸರೆಯಾಯಿತು.

ದೋಣಿಯಿಂದ ಆರಂಭ

ಸೇತುವೆಗಳ ಯಾತ್ರೆಯನ್ನು ಸೈಕಲ್ಲಿಗರು ಆರಂಭಿಸುವುದು ಸೇತುವೆಯಿಂದಲ್ಲ, ದೋಣಿಯಿಂದ. ಒನೊಮಿಚಿಗೂ ಮುಕೈಶಿಮಾಕ್ಕೂ ನಡುವೆ ಇರುವುದು ನದಿಯಷ್ಟು ಕಿರಿದಾದ ಜಲಸಂಧಿ. 1968ರಲ್ಲಿ ಇಲ್ಲಿ ಸೇತುವೆ ಬಂದಿತಾದರೂ ಅದರ ಮೇಲಿನ ರಸ್ತೆ ಇಕ್ಕಟ್ಟು, ವಾಹನ ಸಂಚಾರ ಹೆಚ್ಚು. ಆದ್ದರಿಂದ ಸೈಕಲ್ಲಿಗರು ಐದಾರು ನಿಮಿಷಗಳ ದೋಣಿ ಪಯಣವನ್ನೇ ಆರಿಸಿಕೊಳ್ಳುತ್ತಾರೆ. ಶತಮಾನಗಳ ಕಾಲ ದ್ವೀಪವಾಸಿಗಳ ಬದುಕೆಲ್ಲ ಹೀಗೆ ದೋಣಿಯ ಮೇಲೆಯೇ ನಡೆಯುತ್ತಿತ್ತು. ಅಕ್ಕಿ ಬರುತ್ತಿದ್ದುದು ದೋಣಿಯಲ್ಲಿ, ವೈದ್ಯರು ಬರುತ್ತಿದ್ದುದು ದೋಣಿಯಲ್ಲಿ, ಮದುವಣಗಿತ್ತಿ ಹೊಸ ಮನೆಗೆ ಹೋಗುತ್ತಿದ್ದುದೂ ದೋಣಿಯಲ್ಲಿ.

ಶುಭಸಂದೇಶವೂ ಈ ದ್ವೀಪಗಳಿಗೆ ಬಂದದ್ದು ಹಡಗಿನಲ್ಲಿಯೇ. ಲ್ಯೂಕ್ ಬಿಕೆಲ್ ಎಂಬವರು ವ್ಯಾಪಾರಿ ಹಡಗುಗಳಲ್ಲಿ ಕಪ್ತಾನರಾಗಿದ್ದವರು. ಅವರು ಅಮೆರಿಕದ ಬ್ಯಾಪ್ಟಿಸ್ಟ್ ಸಭೆಯ ಮಿಷನರಿಯಾಗಿ 1899ರಲ್ಲಿ ಸೆತೊ ಒಳಸಮುದ್ರದ ಸೇವೆಗೆ ಇಳಿದರು. ಅವರ ಹಡಗಿನ ಹೆಸರು ಫುಕುಯಿನ್ ಮಾರು. ಎಂದರೆ ಶುಭಸಂದೇಶದ ಹಡಗು. ಅದುವರೆಗೆ ಮಿಷನರಿಗಳು ದೊಡ್ಡ ಪಟ್ಟಣಗಳಲ್ಲಿ ನೆಲೆಸುತ್ತಿದ್ದರೇ ಹೊರತು ಹಡಗುದಾರಿಯ ನಡುವಿನ ಈ ದ್ವೀಪಗಳಲ್ಲಿ ಇಳಿಯುವವರು ವಿರಳ. ಬಿಕೆಲ್ ಅವರು 1917ರಲ್ಲಿ ತೀರಿಕೊಳ್ಳುವವರೆಗೂ ದ್ವೀಪದಿಂದ ದ್ವೀಪಕ್ಕೆ, ಹಳ್ಳಿಯಿಂದ ಹಳ್ಳಿಗೆ ಹೋಗುತ್ತಲೇ ಇದ್ದರು. ಎಲ್ಲರೂ ದಾಟಿಹೋಗುತ್ತಿದ್ದ ಊರುಗಳಲ್ಲಿ ಅವರು ಲಂಗರು ಹಾಕಿದರು. ಅವರ ಸೇವೆಯ ಹಿರಿಮೆ ಇರುವುದು ಇಲ್ಲಿಯೇ.

ಹಡಗುಕಟ್ಟೆಯ ದ್ವೀಪದಿಂದ ನಿಂಬೆಯ ದ್ವೀಪಕ್ಕೆ

ಮುಕೈಶಿಮಾದ ತೀರವನ್ನು ಬಳಸಿ ಮುಂದೆ ಹೋದರೆ 1983ರಲ್ಲಿ ತೆರೆದ ಇನ್ನೊಶಿಮಾ ತೂಗುಸೇತುವೆ ಸಿಗುತ್ತದೆ. ಇದರ ಮುಖ್ಯ ಹರವು 770 ಮೀಟರ್. ಇಲ್ಲಿ ಕಾರುಗಳು ಮೇಲಿನ ಅಂತಸ್ತಿನಲ್ಲಿ ಓಡುತ್ತವೆ. ಸೈಕಲ್ಲುಗಳು ಅದರ ಕೆಳಗೆ, ಉಕ್ಕಿನ ಪಂಜರದಂತಹ ದಾರಿಯಲ್ಲಿ ಸಾಗುತ್ತವೆ. ಎಲ್ಲ ಸೇತುವೆಗಳೂ ಕಡಲಿನಿಂದ ಬಹಳ ಎತ್ತರದಲ್ಲಿರುವುದರಿಂದ ಪ್ರತಿ ದ್ವೀಪದಲ್ಲಿಯೂ ತೀರದಿಂದ ಸೇತುವೆಗೆ ಹತ್ತಬೇಕು, ದಾಟಿದ ಮೇಲೆ ಮತ್ತೆ ತೀರಕ್ಕೆ ಇಳಿಯಬೇಕು. ಈ ಏರುದಾರಿಗಳನ್ನು ನೂರು ಮೀಟರಿಗೆ ಸುಮಾರು ಮೂರು ಮೀಟರಿನಷ್ಟು ಮಾತ್ರ ಏರುವಂತೆ, ಕಿತ್ತಳೆ ತೋಟಗಳ ನಡುವೆ ಬಳಸಿ ಬಳಸಿ ನಿರ್ಮಿಸಿದ್ದಾರೆ. ಕಾರಿನವನು ಒಂದು ಸೇತುವೆಯಿಂದ ಇನ್ನೊಂದಕ್ಕೆ ಮೇಲಿನಿಂದಲೇ ಹೋಗಬಲ್ಲನು. ಸೈಕಲ್ಲಿಗನಿಗೆ ಆ ಅವಕಾಶವಿಲ್ಲ. ಅವನು ಪ್ರತಿಯೊಂದು ದ್ವೀಪಕ್ಕೂ ಇಳಿಯಲೇಬೇಕು.

ಇನ್ನೊಶಿಮಾ ಒಂದು ಕಾಲದಲ್ಲಿ ಹಡಗು ನಿರ್ಮಾಣಕ್ಕೆ ಹೆಸರಾಗಿತ್ತು. ದೊಡ್ಡ ಹಡಗುಕಟ್ಟೆಯ ಸುತ್ತ ಮನೆಗಳು, ಅಂಗಡಿಗಳು, ಶಾಲೆಗಳು ತುಂಬಿದ್ದವು. 1970ರ ದಶಕದ ನಂತರ ಜಗತ್ತಿನಲ್ಲಿ ಹಡಗುಗಳ ಬೇಡಿಕೆ ಕುಸಿಯಿತು. 1980ರ ದಶಕದಲ್ಲಿ ಅಲ್ಲಿಯ ದೊಡ್ಡ ಹಡಗುಕಟ್ಟೆ ಹೊಸ ಹಡಗುಗಳನ್ನು ಕಟ್ಟುವುದನ್ನು ನಿಲ್ಲಿಸಿತು. ಸೇತುವೆ ಬಂದ ಕಾಲಕ್ಕೇ ಸರಿಯಾಗಿ ಕೆಲಸ ಹೋಯಿತು. ಊರನ್ನು ಹೊರಜಗತ್ತಿಗೆ ಸೇರಿಸಲೆಂದು ಬಂದ ಹಾದಿಯಲ್ಲಿ ಮೊದಲು ಹೊರಟವರು ಕೆಲಸ ಹುಡುಕುವ ಯುವಕರು.

1991ರಲ್ಲಿ ತೆರೆದ ಇಕುಚಿ ಸೇತುವೆಯನ್ನು ದಾಟಿದರೆ ನಿಂಬೆಹಣ್ಣಿಗೆ ಪ್ರಸಿದ್ಧವಾದ ಇಕುಚಿಜಿಮಾ. ಇಲ್ಲಿಯ ಸೆತೊದಾ ಎಂಬ ಊರಿನಲ್ಲಿ ಕೊಸಾಂಜಿ ಎಂಬ ಬೌದ್ಧ ದೇವಾಲಯವಿದೆ. ಉಕ್ಕಿನ ಕೊಳವೆಗಳ ಉದ್ಯಮದಿಂದ ಶ್ರೀಮಂತರಾದವರೊಬ್ಬರು ತೀರಿಹೋದ ತಾಯಿಯ ನೆನಪಿಗಾಗಿ 1936ರಿಂದ ಇದನ್ನು ಕಟ್ಟಿಸತೊಡಗಿದರು. ಇದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. 1957ರ ಏಪ್ರಿಲ್ 12ರಂದು ಹೀಗೆ ಬಂದು, ದೇವಾಲಯವನ್ನು ನೋಡಿ ಒನೊಮಿಚಿಗೆ ಮರಳುತ್ತಿದ್ದವರನ್ನು ಹೊತ್ತ ಐದನೆಯ ಕಿತಾಗಾವಾ ಮಾರು ಎಂಬ ಚಿಕ್ಕ ಹಡಗು ಬಂಡೆಗೆ ಬಡಿದು ಮುಳುಗಿತು. ಮಿತಿಗಿಂತ ಎಷ್ಟೋ ಹೆಚ್ಚು ಜನ ಅದರಲ್ಲಿದ್ದರು. 113 ಮಂದಿ ಮೃತಪಟ್ಟರು. ಶಿಉನ್ ಮಾರುವಿನ ದುರಂತಕ್ಕೆ ಎರಡು ವರ್ಷ ತುಂಬುವ ಮೊದಲೇ ಈ ಸಾವುಗಳು ಸಂಭವಿಸಿದವು. ಈಗ ಸೆತೊದಾದಿಂದ ಒನೊಮಿಚಿಗೆ ಮಕ್ಕಳು ಕೂಡ ಸೈಕಲ್ ತುಳಿದು ಹೋಗುತ್ತಾರೆ. ಸೇತುವೆಗಳ ಲಾಭನಷ್ಟದ ಲೆಕ್ಕ ಹಾಕುವಾಗ ಈ ಮಾತನ್ನು ಯಾರೂ ಮರೆಯಬಾರದು.

ತತಾರಾ ಮತ್ತು ಓಮಿಶಿಮಾ

ಇಕುಚಿಜಿಮಾದಿಂದ ಓಮಿಶಿಮಾಕ್ಕೆ ಕರೆದೊಯ್ಯುವ ತತಾರಾ ಸೇತುವೆ 1999ರಲ್ಲಿ ತೆರೆದಾಗ ಅದರ 890 ಮೀಟರ್ ಮುಖ್ಯ ಹರವು ಆ ಬಗೆಯ ಸೇತುವೆಗಳಲ್ಲಿ ಜಗತ್ತಿನಲ್ಲಿಯೇ ಅತಿ ಉದ್ದದ್ದಾಗಿತ್ತು. 2008ರಲ್ಲಿ ಚೀನಾದ ಸುತೊಂಗ್ ಸೇತುವೆ ಅದನ್ನು ಮೀರಿಸಿತು. ಮೊದಲಿನ ಯೋಜನೆಯಂತೆ ಇದು ತೂಗುಸೇತುವೆಯಾಗಬೇಕಿತ್ತು. ತೂಗುಸೇತುವೆಯ ಹಗ್ಗಗಳನ್ನು ಹಿಡಿದಿಡಲು ದಡದಲ್ಲಿ ಬೃಹತ್ತಾದ ಕಾಂಕ್ರೀಟ್ ಕಟ್ಟೆಗಳು ಬೇಕು. ಅದಕ್ಕಾಗಿ ಗುಡ್ಡವನ್ನೇ ಅಗೆಯಬೇಕು. ರಾಷ್ಟ್ರೀಯ ಉದ್ಯಾನದ ಗುಡ್ಡಕ್ಕೆ ಘಾಸಿಯಾಗಬಾರದೆಂದು ನಕ್ಷೆಯನ್ನು ಬದಲಿಸಿ, ಗೋಪುರಗಳಿಂದ ನೇರವಾಗಿ ಉಕ್ಕಿನ ಹಗ್ಗಗಳು ರಸ್ತೆಯನ್ನು ಎತ್ತಿಹಿಡಿಯುವ ಈಗಿನ ವಿಧಾನವನ್ನು ಆರಿಸಲಾಯಿತು. ಗೋಪುರದ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎರಡು ಕಂಬಗಳ ನಡುವೆ ಮೇಲಕ್ಕೇರುತ್ತಾ ಮಾರ್ದನಿಗೊಳ್ಳುತ್ತದೆ. ಮಕ್ಕಳಿಗೆ ಇದೇ ದೊಡ್ಡ ಸಂಭ್ರಮ.

ಓಮಿಶಿಮಾದಲ್ಲಿ ಓಯಾಮಾಜುಮಿ ಎಂಬ ಪುರಾತನ ಶಿಂತೊ ಆಲಯವಿದೆ. ಯುದ್ಧಕ್ಕೆ ಹೋಗುವ ಯೋಧರು ಇಲ್ಲಿ ಹರಕೆ ಹೊತ್ತು, ಗೆದ್ದು ಬಂದ ಮೇಲೆ ತಮ್ಮ ಕವಚಗಳನ್ನೂ ಖಡ್ಗಗಳನ್ನೂ ಒಪ್ಪಿಸುತ್ತಿದ್ದರು. ಹಳೆಯ ಕವಚಗಳ ಅಪೂರ್ವ ಸಂಗ್ರಹ ಇಂದಿಗೂ ಅಲ್ಲಿದೆ. ದ್ವೀಪದ ಇನ್ನೊಂದು ತುದಿಯಲ್ಲಿರುವ ಓಮಿಶಿಮಾ ಸೇತುವೆ 1979ರಲ್ಲಿ ತೆರೆಯಿತು. ಮೂರೂ ಮಾರ್ಗಗಳ ಮಹಾಯೋಜನೆಯಲ್ಲಿ ಮೊದಲು ಪೂರ್ಣಗೊಂಡದ್ದು ಇದೇ. ಇದು ಯಾವ ಮಹಾನಗರವನ್ನೂ ಮುಟ್ಟುವುದಿಲ್ಲ. ಒಂದು ಚಿಕ್ಕ ದ್ವೀಪವನ್ನು ಇನ್ನೊಂದು ಚಿಕ್ಕ ದ್ವೀಪಕ್ಕೆ ಸೇರಿಸುತ್ತದೆ, ಅಷ್ಟೇ. ಅದು ಬಂದ ಮೇಲೂ ದ್ವೀಪವಾಸಿಗಳು ಪೂರ್ಣ ಹಾದಿಗಾಗಿ ಇಪ್ಪತ್ತು ವರ್ಷ ಕಾದರು.

ಕಡಲ ಒಡೆಯರ ಧ್ವಜ

ಓಮಿಶಿಮಾ ಸೇತುವೆ ಇಳಿದರೆ ಹಕಾತಾಜಿಮಾ. ಈ ದ್ವೀಪದ ಬಳಿಯ ನೀರಿನಲ್ಲಿ 1945ರ ನವೆಂಬರ್ 6ರಂದು ಹತ್ತನೆಯ ತೋಯೊ ಮಾರು ಎಂಬ ಹಡಗು ಮಗುಚಿ 397 ಮಂದಿ ಸತ್ತರು. ಅದು ಒನೊಮಿಚಿಯಿಂದ ಇಮಾಬಾರಿಗೆ ಹೊರಟಿದ್ದ ಹಡಗು. ಇಂದು ಸೈಕಲ್ಲಿಗರು ಆರಂಭಿಸುವ ಊರು, ಮುಗಿಸುವ ಊರು ಅವೇ ಎರಡು. ಮಹಾಯುದ್ಧ ಮುಗಿದು ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಪ್ರಯಾಣಿಕರಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿ ಮನೆಗೆ ಮರಳುತ್ತಿದ್ದವರು ಬಹಳ ಮಂದಿ ಇದ್ದರು. ರಣರಂಗದಲ್ಲಿ ಉಳಿದ ಜೀವಗಳು ಮನೆಯ ಹತ್ತಿರದ ನೀರಿನಲ್ಲಿ ಹೋದವು.

ಮುಂದೆ 1988ರಲ್ಲಿ ತೆರೆದ ಹಕಾತಾ-ಓಶಿಮಾ ಸೇತುವೆಯ ಹತ್ತಿರದಲ್ಲಿ ನೊಶಿಮಾ ಎಂಬ ಪುಟ್ಟ ದ್ವೀಪವಿದೆ. ಅದರ ಸುತ್ತ ನೀರು ನದಿಯಂತೆ ಸುಳಿಸುಳಿಯಾಗಿ ಹರಿಯುತ್ತದೆ. ಹದಿನಾರನೆಯ ಶತಮಾನದಲ್ಲಿ ಇದು ಮುರಾಕಾಮಿ ಎಂಬ ಕಡಲ ಒಡೆಯರ ಕೋಟೆಯಾಗಿತ್ತು. ನೊಶಿಮಾ, ಇನ್ನೊಶಿಮಾ, ಕುರುಶಿಮಾ ಎಂಬ ಮೂರು ನೆಲೆಗಳಲ್ಲಿ ಹಂಚಿಕೊಂಡಿದ್ದ ಈ ಕುಲದವರು ಹಾಯುವ ಹಡಗುಗಳಿಂದ ಸುಂಕ ಪಡೆದು, ಸುರಕ್ಷಿತವಾಗಿ ಸಾಗಲು ತಮ್ಮ ಗುರುತಿನ ಧ್ವಜವನ್ನು ಕೊಡುತ್ತಿದ್ದರು. ಧ್ವಜವಿದ್ದ ಹಡಗನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಲ್ಲದ ಹಡಗಿಗೆ ಗಂಡಾಂತರ ತಪ್ಪುತ್ತಿರಲಿಲ್ಲ.

ಗೋವೆಯಲ್ಲಿ ಯಾರ ಪವಿತ್ರ ಶರೀರದ ದರ್ಶನಕ್ಕೆ ನಮ್ಮ ಅನೇಕ ಕುಟುಂಬಗಳು ಹೋಗಿಬಂದಿವೆಯೋ, ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರೂ 1550-51ರ ಚಳಿಗಾಲದಲ್ಲಿ ರಾಜಧಾನಿಯಾದ ಮಿಯಾಕೊಗೆ ಹೋಗುವಾಗ ಇದೇ ಒಳಸಮುದ್ರದಲ್ಲಿ ಪಯಣಿಸಿದ್ದರು. ಗೋವೆಯಲ್ಲಿಯೇ ಅಧ್ಯಯನ ಮಾಡಿ 1563ರಲ್ಲಿ ಜಪಾನ್ ತಲುಪಿದ ಯೇಸುಸಭೆಯ ಗುರು ಲೂಯಿಸ್ ಫ್ರೋಯಿಸ್ ಅವರು ನೊಶಿಮಾದ ಈ ಒಡೆಯರ ಬಗ್ಗೆ ಬರೆದಿಟ್ಟಿದ್ದಾರೆ. 1586ರಲ್ಲಿ ಯೇಸುಸಭೆಯ ಉಪಪ್ರಾಂತಾಧಿಕಾರಿ ಗಾಸ್ಪರ್ ಕೊಯೆಲ್ಹೊ ಮತ್ತು ಅವರ ಸಂಗಡಿಗರು ಈ ಮಾರ್ಗವಾಗಿ ಹೋದಾಗ ಸುರಕ್ಷಿತ ಪಯಣದ ಅನುಮತಿ ಕೇಳಿದರು. ನೊಶಿಮಾದ ಒಡೆಯನು ತನ್ನ ಲಾಂಛನವುಳ್ಳ ರೇಷ್ಮೆಯ ಧ್ವಜವನ್ನು ಅವರಿಗೆ ಕೊಟ್ಟನು. ಮರುವರ್ಷವೇ, 1587ರಲ್ಲಿ, ಆಳುವ ಹಿದೆಯೋಶಿ ಮಿಷನರಿಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. 1588ರಲ್ಲಿ ಕಡಲುಗಳ್ಳತನವನ್ನು ನಿಷೇಧಿಸಿ ಮುರಾಕಾಮಿಗಳಂತಹ ಕಡಲ ಒಡೆಯರ ಅಧಿಕಾರವನ್ನೂ ಮುಗಿಸಿದನು. ಧ್ವಜ ಕೊಟ್ಟವರೂ ಪಡೆದವರೂ ಎರಡು ವರ್ಷಗಳೊಳಗೆ ಒಬ್ಬನೇ ಅರಸನ ಕೈಯಲ್ಲಿ ತಮ್ಮ ಸ್ವಾತಂತ್ರ್ಯವನ್ನು ಕಳೆದುಕೊಂಡರು.

ಸೇತುವೆಗಳು ಕೊಟ್ಟದ್ದು, ಕೊಂಡೊಯ್ದದ್ದು

ಕೊನೆಯ ದ್ವೀಪ ಓಶಿಮಾ ಬೆಣಚುಕಲ್ಲಿಗೆ ಹೆಸರಾದದ್ದು. ಅಲ್ಲಿಗೆ ತಲುಪುವ ಹೊತ್ತಿಗೆ ಸೈಕಲ್ಲಿಗನು ಮುಚ್ಚಿದ ಅಂಗಡಿಗಳನ್ನೂ ಖಾಲಿ ಮನೆಗಳನ್ನೂ ಸಾಕಷ್ಟು ನೋಡಿರುತ್ತಾನೆ. ಸೇತುವೆಗಳು ಬಂದಂತೆ ಅನೇಕ ಹಡಗು ಮಾರ್ಗಗಳು ನಿಂತವು. ಬಂದರಿನ ಸುತ್ತ ಬದುಕುತ್ತಿದ್ದ ಅಂಗಡಿ, ಹೋಟೆಲುಗಳಿಗೆ ಗಿರಾಕಿಗಳಿಲ್ಲವಾದರು. ಕಾರುಗಳು ಮೇಲಿನ ಹೆದ್ದಾರಿಯಲ್ಲಿ ದುಬಾರಿ ಸುಂಕ ತೆತ್ತು ನೇರವಾಗಿ ಹೋಗತೊಡಗಿದವು. 2006ರಲ್ಲಿ ದ್ವೀಪಗಳ ಮೇಲಿನ ಹೆದ್ದಾರಿಯೂ ಪೂರ್ಣಗೊಂಡ ಮೇಲೆ ಕೆಳಗಿಳಿಯುವ ಅಗತ್ಯವೇ ಉಳಿಯಲಿಲ್ಲ. 2005ರಲ್ಲಿ ಓಮಿಶಿಮಾ, ಹಕಾತಾಜಿಮಾ, ಓಶಿಮಾಗಳ ಸ್ಥಳೀಯ ಆಡಳಿತಗಳು ಇಮಾಬಾರಿ ನಗರದಲ್ಲಿ ಲೀನವಾದವು. 2006ರಲ್ಲಿ ಇನ್ನೊಶಿಮಾ ಮತ್ತು ಸೆತೊದಾಗಳು ಒನೊಮಿಚಿ ನಗರದಲ್ಲಿ ಲೀನವಾದವು.

ಎಲ್ಲ ಅಪವಾದವನ್ನೂ ಸೇತುವೆಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಹಡಗು ಉದ್ಯಮ ಕುಸಿದಿತ್ತು. 1991ರಲ್ಲಿ ವಿದೇಶಿ ಕಿತ್ತಳೆಯ ಆಮದಿಗೆ ಬಾಗಿಲು ತೆರೆದು ತೋಟಗಾರರಿಗೆ ಪೆಟ್ಟು ಬಿದ್ದಿತ್ತು. ಇಡೀ ದೇಶದಲ್ಲಿಯೇ ಮಕ್ಕಳ ಸಂಖ್ಯೆ ಇಳಿದು ವೃದ್ಧರ ಸಂಖ್ಯೆ ಏರುತ್ತಿತ್ತು. ಆದರೂ ಒಂದು ಸತ್ಯ ಉಳಿಯುತ್ತದೆ. ದ್ವೀಪಗಳ ಜನ ಸೇತುವೆ ಬೇಡಿದ್ದು ತಮ್ಮವರು ನೀರಿನಲ್ಲಿ ಸಾಯಬಾರದೆಂದು. ಆ ಬೇಡಿಕೆ ನೆರವೇರಿತು. ಆದರೆ ಮುಳುಗದೆ ದಾಟುವುದಕ್ಕೆ ದಾರಿಯಾದದ್ದೇ ಮನೆಬಿಟ್ಟು ಹೋಗುವುದಕ್ಕೂ ದಾರಿಯಾಯಿತು.

ಇಂತಹ ಹೊತ್ತಿನಲ್ಲಿ, ದ್ವೀಪವಾಸಿಗಳ ದಿನನಿತ್ಯದ ಓಡಾಟಕ್ಕೆಂದು ಕಟ್ಟಿದ್ದ ಆ ಕಿರುದಾರಿ ನೆರವಿಗೆ ಬಂದಿತು. ರಸ್ತೆಯ ಅಂಚಿನಲ್ಲಿ ದಾರಿ ತೋರುವ ನೀಲಿ ಗೆರೆಯನ್ನು ಎಳೆದರು. ಮೊದಲು ಎಲ್ಲ ಸೇತುವೆಗಳಿಗೂ ಸೇರಿ 500 ಯೆನ್ ಆಗುತ್ತಿದ್ದ ಸೈಕಲ್ ಸುಂಕವನ್ನು 2014ರ ಜುಲೈ ತಿಂಗಳಲ್ಲಿ ಮನ್ನಾ ಮಾಡಿದರು. ಅದೇ ವರ್ಷ ಒನೊಮಿಚಿಯಲ್ಲಿ ಬಂದರಿನ ಹಳೆಯ ಉಗ್ರಾಣವೊಂದು ಸೈಕಲ್ಲಿಗರ ವಸತಿಗೃಹವಾಯಿತು. ಅಕ್ಟೋಬರಿನಲ್ಲಿ ಹೆದ್ದಾರಿಯನ್ನೇ ಕಾರುಗಳಿಗೆ ಮುಚ್ಚಿ ಸಾವಿರಾರು ಸೈಕಲ್ಲಿಗರಿಗೆ ಬಿಟ್ಟುಕೊಡಲಾಯಿತು. ಓಮಿಶಿಮಾದಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಮರದ ಕಟ್ಟಡವೊಂದು ಈಗ ಅತಿಥಿಗಳ ತಂಗುದಾಣ. ಸೈಕಲ್ಲಿಗನಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ಚಕ್ರದ ಗಾಳಿ ಹೋಗುತ್ತದೆ, ಕತ್ತಲಾದರೆ ಮಲಗಲು ಜಾಗ ಬೇಕಾಗುತ್ತದೆ. ಆದ್ದರಿಂದ ಅವನು ನಿಲ್ಲುತ್ತಾನೆ, ಮಾತನಾಡುತ್ತಾನೆ, ಕೊಳ್ಳುತ್ತಾನೆ. ಇದರಿಂದ ಹೋದ ಯುವಕರೆಲ್ಲ ಮರಳಿ ಬರಲಿಲ್ಲ. ಖಾಲಿ ಮನೆಗಳು ಇನ್ನೂ ಇವೆ. ಆದರೆ ತಾವು ನಕಾಶೆಯ ನಡುವೆ ಮರೆತುಹೋದವರಲ್ಲ ಎಂಬ ಧೈರ್ಯ ಅಲ್ಲಿಯವರಿಗೆ ಬಂದಿದೆ.

ಸೇತುವೆಯ ನಡುವಿನ ಲಿಫ್ಟು

ಓಶಿಮಾದಿಂದ ಇಮಾಬಾರಿಗೆ ದಾಟಿಸುವುದು ಕುರುಶಿಮಾ ಜಲಸಂಧಿಯ ಮೇಲಿನ ಮೂರು ತೂಗುಸೇತುವೆಗಳು. ಒಂದರ ಹಿಂದೊಂದು ಸೇರಿ ಒಟ್ಟು ಸುಮಾರು 4 ಕಿಲೋಮೀಟರ್ ಉದ್ದ. ಕೆಳಗೆ ಹಡಗುಗಳು ಹಾಯಲೆಂದು 65 ಮೀಟರ್ ಎತ್ತರ ಬಿಟ್ಟಿದ್ದಾರೆ. ಇಲ್ಲಿ ಭರತ ಇಳಿತಗಳ ಸೆಳೆತ ಗಂಟೆಗೆ ಸುಮಾರು 18 ಕಿಲೋಮೀಟರ್ ವೇಗವನ್ನು ಮುಟ್ಟುತ್ತದೆ. ಪ್ರವಾಹದ ದಿಕ್ಕು ಬದಲಾದಂತೆ ಹಡಗುಗಳು ಸಾಗಬೇಕಾದ ಕಾಲುವೆಯೂ ಬದಲಾಗುವ ವಿಶಿಷ್ಟ ನಿಯಮ ಇಲ್ಲಿದೆ. ಆಚೆಯ ದಡದ ಇಮಾಬಾರಿಯಲ್ಲಿ 1879ರಲ್ಲಿಯೇ ಶಿಕೊಕುವಿನ ಮೊದಲ ಪ್ರೊಟೆಸ್ಟೆಂಟ್ ಸಭೆ ಸ್ಥಾಪನೆಯಾಗಿತ್ತು.

ಈ ಮೂರು ಸೇತುವೆಗಳ ನಡುವೆ ಉಮಾಶಿಮಾ ಎಂಬ ಅತಿ ಚಿಕ್ಕ ದ್ವೀಪವಿದೆ. ಅಲ್ಲಿ ಬೆರಳೆಣಿಕೆಯ ಜನ ವಾಸಿಸುತ್ತಾರೆ. ಅಷ್ಟು ಜನರಿಗಾಗಿ ಯಾರೂ ಇಂತಹ ಸೇತುವೆ ಕಟ್ಟುವುದಿಲ್ಲ. ಅವರನ್ನು ಮರೆತು ಕಟ್ಟಿದ್ದರೂ ಲೆಕ್ಕಪತ್ರದಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಆದರೆ ಸೇತುವೆಯ ಎತ್ತರದಿಂದ ಆ ದ್ವೀಪದ ನೆಲಕ್ಕೆ ಒಂದು ಲಿಫ್ಟನ್ನು ಇಟ್ಟಿದ್ದಾರೆ. ನಡೆದು ಬರುವವರೂ ಸೈಕಲ್ ತಳ್ಳಿಕೊಂಡು ಬರುವವರೂ ಅದರಲ್ಲಿ ಇಳಿಯಬಹುದು, ಹತ್ತಬಹುದು. ಕಿಲೋಮೀಟರುಗಟ್ಟಲೆ ಹಬ್ಬಿದ ಉಕ್ಕಿನ ಹಗ್ಗಗಳ, ಮುಗಿಲೆತ್ತರದ ಗೋಪುರಗಳ ನಡುವೆ ಈ ಪುಟ್ಟ ಲಿಫ್ಟು ಯಾರ ಕಣ್ಣಿಗೂ ಬೇಗನೆ ಬೀಳುವುದಿಲ್ಲ.

ನಮ್ಮ ಕಾಲದಲ್ಲಿ ದಾರಿಗಳು ದಿನದಿನಕ್ಕೂ ನೇರವಾಗುತ್ತಿವೆ, ಎತ್ತರವಾಗುತ್ತಿವೆ, ವೇಗವಾಗುತ್ತಿವೆ. ಅವುಗಳಿಂದ ಜೀವಗಳು ಉಳಿಯುತ್ತವೆ. ಆದ್ದರಿಂದ ಅವು ಬೇಕು. ಆದರೆ ದಾರಿಯ ನಡುವೆ ಇರುವವರ ಪಾಲಿಗೆ ಒಂದು ಏಣಿಯನ್ನಾಗಲಿ, ಒಂದು ಕಿರುದಾರಿಯನ್ನಾಗಲಿ ಬಿಡಲು ಕಟ್ಟುವವರು ನೆನಪಿಡಬೇಕು. ಅದನ್ನು ಬಳಸಿ ಇಳಿದುಹೋಗಲು ದಾಟುವವರೂ ಮನಸ್ಸು ಮಾಡಬೇಕು. ಸೆತೊ ಒಳಸಮುದ್ರದ ಆ ದ್ವೀಪಗಳಲ್ಲಿ ಹಣ್ಣಿನ ಬುಟ್ಟಿಯನ್ನು ಬಾಗಿಲ ಮುಂದಿಟ್ಟುಕೊಂಡು ಕುಳಿತ ವೃದ್ಧರು ಕಾಯುತ್ತಿರುವುದು ಅಂತಹ ಒಬ್ಬ ಸವಾರನಿಗಾಗಿ.